ಸೈಕಲ್ ಅಂಗಡಿಯಿಂದ ಕಾರ್ಖಾನೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಮಕ್ಕಳೇ, ಮುಗಳಖೋಡ, ಹಾರೂಗೇರಿ, ರಾಯಬಾಗದ ಕಡೆ ಅಜ್ಜನ ಕಾಲದ ಸೈಕಲ್ಲನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡ ಮನೆಗಳುಂಟು. ಚೌಕಟ್ಟು ಗಟ್ಟಿಯಾಗಿರುತ್ತದೆ, ಗಂಟೆಯೂ ಬಾರಿಸುತ್ತದೆ. ಆದರೆ ಟೈರು ಬಿರಿದಿರುತ್ತದೆ. ಸರಿಹೊಂದುವ ಹೊಸ ಟೈರು ಸಿಗದೆ ಇಡೀ ಸೈಕಲ್ ಮೂಲೆ ಸೇರುತ್ತದೆ. ಯಂತ್ರ ಎಷ್ಟೇ ಚೆನ್ನಾಗಿರಲಿ, ಸವೆದ ಭಾಗಕ್ಕೆ ಬದಲಿ ಸಿಗದಿದ್ದರೆ ಅದು ಕೆಲಸಕ್ಕೆ ಬಾರದು, ಅಲ್ಲವೇ? ನಮ್ಮದೇ ಜಿಲ್ಲೆಯಲ್ಲಿ ಸೈಕಲ್ ಮಾರುತ್ತ, ದುರಸ್ತಿ ಮಾಡುತ್ತ ಆರಂಭಿಸಿ, ಮುಂದೆ ಯಂತ್ರಗಳನ್ನು ಇಲ್ಲಿಯೇ ತಯಾರಿಸಿದವರೊಬ್ಬರ ಜೀವನವನ್ನು ಈಗ ತಿಳಿಯೋಣ.

ಬಣ್ಣ ಕೈಕೊಟ್ಟಿತು, ಗೆರೆ ಕೈಹಿಡಿಯಿತು

ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಓದಿಗಿಂತ ಚಿತ್ರ ಬಿಡಿಸುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ. ಹಾಗಾಗಿ ಮುಂಬಯಿಯ ಜೆ.ಜೆ. ಕಲಾ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಭಾಗಶಃ ವರ್ಣಾಂಧತೆ ಇರುವುದು ತಿಳಿಯಿತು. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣಗಳನ್ನು ಗುರುತಿಸುವ ಶಂಕು ಕೋಶಗಳಿವೆ. ಇವುಗಳಲ್ಲಿ ಕೆಲವು ಸರಿಯಾಗಿ ಕೆಲಸ ಮಾಡದಿದ್ದರೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ. ಇದೇ ವರ್ಣಾಂಧತೆ.

ಚಿತ್ರಕಾರರಾಗುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಯಂತ್ರಗಳ ನಕ್ಷೆ ಬಿಡಿಸಲು ಬಣ್ಣ ಬೇಕಿಲ್ಲ, ಅಳತೆ ಮತ್ತು ಗೆರೆ ಸಾಕು. ಅವರು ಯಾಂತ್ರಿಕ ರೇಖಾಚಿತ್ರ ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಬಿಡುವಿನಲ್ಲಿ ಯಂತ್ರಗಳ ಬಗ್ಗೆ ಓದಿದರು, ಅವುಗಳ ಕೆಲಸವನ್ನು ಕಲಿತರು.

ಬೆಳಗಾವಿಯಲ್ಲಿ ಸೈಕಲ್

ಆಗ ಸೈಕಲ್ ನಮ್ಮ ದೇಶಕ್ಕೆ ಹೊಸದು. ಲಕ್ಷ್ಮಣರಾವ್ ಅವರು ಮುಂಬಯಿಯಲ್ಲಿ ಸೈಕಲ್ ಕೊಂಡು ಬೆಳಗಾವಿಯಲ್ಲಿದ್ದ ಅಣ್ಣ ರಾಮುಅಣ್ಣ ಅವರಿಗೆ ಕಳಿಸುತ್ತಿದ್ದರು. ಒಂದರ ಬೆಲೆ 700ರಿಂದ 1,000 ರೂಪಾಯಿ! ಸವಾರಿ ಕಲಿಸಲು 15 ರೂಪಾಯಿ ಶುಲ್ಕ. ಕಿರ್ಲೋಸ್ಕರ್ ಸಂಸ್ಥೆ ತನ್ನ ಆರಂಭದ ವರ್ಷವನ್ನು 1888 ಎಂದೇ ಎಣಿಸುತ್ತದೆ. ಅಂಗಡಿ ಇದ್ದ ರಸ್ತೆಗೆ ಮುಂದೆ ಕಿರ್ಲೋಸ್ಕರ್ ರಸ್ತೆ ಎಂದೇ ಹೆಸರಾಯಿತು.

ಅದೇ 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಅವರು ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಅಲ್ಲಿಯವರೆಗೆ ಸೈಕಲ್ಲಿಗೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿತ್ತು. ಟ್ಯೂಬಿನ ಗಾಳಿ ಕಲ್ಲುಮಣ್ಣಿನ ದಾರಿಯಲ್ಲಿ ಕುಗ್ಗಿ ಹಿಗ್ಗಿ ಹೊಡೆತವನ್ನು ತಡೆಯುತ್ತದೆ. ಸವಾರಿ ಹಗುರವಾಯಿತು. ಆದರೆ ಟೈರು ಸವೆಯುತ್ತದೆ, ಟ್ಯೂಬು ತೂತಾಗುತ್ತದೆ. ಸೈಕಲ್ಲೇ ಹೊರದೇಶದ್ದು, ಅದರ ಬದಲಿ ಭಾಗಗಳೂ ಹೊರದೇಶದಿಂದಲೇ ಬರಬೇಕಿತ್ತು. ಬಂಗಾಳದ ಸಾಹಾಗಂಜ್‌ನಲ್ಲಿ ಡನ್ಲಪ್ ಟೈರು ಕಾರ್ಖಾನೆ ಆರಂಭವಾದದ್ದು 1936ರಲ್ಲಿ.

ನೇಗಿಲಿನ ಕಾಲ

ಮುಂಬಯಿಯಲ್ಲಿ ತಮಗೆ ಬರಬೇಕಿದ್ದ ಬಡ್ತಿ ಬೇರೊಬ್ಬರಿಗೆ ಹೋದಾಗ ಲಕ್ಷ್ಮಣರಾವ್ ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಬರೀ ಮಾರುವುದು ಅವರಿಗೆ ಸಾಲದಾಯಿತು. ಸಣ್ಣ ಕಾರ್ಯಾಗಾರದಲ್ಲಿ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ಆಗ ರೈತರು ನಂಬಿದ್ದರು. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು! ಅವರು ಸೋಲಲಿಲ್ಲ.

ಊರು ಬೆಳೆದಂತೆ ಬೆಳಗಾವಿಯ ಜಾಗವನ್ನು ಬಿಡಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜರು ಕುಂಡಲ್ ಬಳಿ 32 ಎಕರೆ ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಅದು ಕಳ್ಳಿ ಬೆಳೆದ, ಹಾವುಗಳಿದ್ದ ಬರಡು ನೆಲ. 1910ರಲ್ಲಿ ಅಲ್ಲಿ ಹುಟ್ಟಿದ ಊರೇ ಕಿರ್ಲೋಸ್ಕರ್‌ವಾಡಿ. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ರಾಯಬಾಗದಿಂದ ರೈಲಿನಲ್ಲಿ ಮೀರಜ್ ದಾಟಿ ಪುಣೆಯ ಕಡೆ ಹೋದರೆ ಆ ನಿಲ್ದಾಣ ಸಿಗುತ್ತದೆ. ಆ ಊರಿನಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗದಾಯಿತು. ಕೊಲ್ಹಾಪುರದ ಶಾಹು ಮಹಾರಾಜರು ಬಳಕೆಯಲ್ಲಿಲ್ಲದ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕರಗಿ ನೇಗಿಲುಗಳಾದವು! ನೇಗಿಲಿನ ಗುಳ ಮಣ್ಣಿಗೆ ಉಜ್ಜಿ ಟೈರಿನಂತೆಯೇ ಸವೆಯುತ್ತದೆ. ಅದನ್ನು ತಯಾರಿಸುವ ಕಾರ್ಖಾನೆ ಹತ್ತಿರವಿದ್ದರೆ ರೈತನ ಬಿತ್ತನೆ ನಿಲ್ಲುವುದಿಲ್ಲ. ಹಡಗಿನ ದಾರಿ ಕಾಯಬೇಕಾದರೆ ಹಂಗಾಮೇ ಕಳೆದುಹೋಗುತ್ತದೆ.

ಮುಂದೆ ಕಿರ್ಲೋಸ್ಕರ್ ಕಾರ್ಖಾನೆಗಳಲ್ಲಿ ನೀರೆತ್ತುವ ಪಂಪುಗಳು ತಯಾರಾದವು. 1941ರಲ್ಲಿ ನಮ್ಮ ಹರಿಹರದಲ್ಲಿ ಲೇಥ್ ಯಂತ್ರ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಲೇಥ್ ಎಂದರೆ ಯಂತ್ರದ ಭಾಗಗಳನ್ನು ಕಡೆಯುವ ಯಂತ್ರ. ಲಕ್ಷ್ಮಣರಾವ್ ಅವರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. 1969ರಲ್ಲಿ ಅವರ ಜನ್ಮಶತಮಾನೋತ್ಸವಕ್ಕೆ ಭಾರತ ಸರ್ಕಾರ ಅಂಚೆಚೀಟಿ ಹೊರತಂದಿತು.

ಮಾಡಿ ನೋಡಿ: ಹಳೆಯ ಸೈಕಲ್ಲಿಗೆ ಯಾವ ಟೈರು?

ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ. ಹಳೆಯ ದೊಡ್ಡ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 28 × 1½ ಎಂದಿರುತ್ತದೆ. ಇದೇ ಅಳತೆಯನ್ನು 40-635 ಎಂದೂ ಬರೆಯುತ್ತಾರೆ. 40 ಎಂದರೆ ಟೈರಿನ ಅಗಲ, 635 ಎಂದರೆ ರಿಮ್ಮಿನಲ್ಲಿ ಟೈರಿನ ಅಂಚು ಕೂರುವ ಜಾಗದ ವ್ಯಾಸ. ಎರಡೂ ಮಿಲಿಮೀಟರ್‌ಗಳಲ್ಲಿ. 37-622 ಎಂಬ ಇನ್ನೊಂದು ಟೈರಿಗೂ 28 ಎಂದೇ ಹೆಸರು. ಆದರೆ ವ್ಯಾಸದಲ್ಲಿ 13 ಮಿ.ಮೀ. ವ್ಯತ್ಯಾಸ! ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ. ಅದು ಹಿಗ್ಗುವುದಿಲ್ಲ, ಆದ್ದರಿಂದ ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಟ್ಯೂಬು ರಬ್ಬರಿನದು, ಹಿಗ್ಗುತ್ತದೆ. ಹಾಗಾಗಿ ಅಗಲ ಹೊಂದಿದರೆ ಸ್ವಲ್ಪ ವ್ಯತ್ಯಾಸವಿದ್ದರೂ ನಡೆಯುತ್ತದೆ.

ಅಕ್ಷರ ಅಳಿಸಿಹೋಗಿದ್ದರೆ ಹಿರಿಯರ ನೆರವಿನಿಂದ ಟೈರು ಬಿಚ್ಚಿ, ಅಂಚು ಕೂರುವ ಜಾಗದ ಸುತ್ತ ದಾರ ಸುತ್ತಿ ಅಳೆಯಿರಿ. ಬಂದ ಉದ್ದವನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಸುಮಾರು 199 ಸೆಂ.ಮೀ. ಬಂದರೆ ಯಾವ ಟೈರು? ಸುಮಾರು 195 ಸೆಂ.ಮೀ. ಬಂದರೆ? ಲೆಕ್ಕ ಮಾಡಿ, ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಮೂಲೆ ಸೇರಿದ ಸೈಕಲ್ ಮತ್ತೆ ರಸ್ತೆಗೆ ಬರಲಿ.