ಕೆಂಪನಂಜಮ್ಮಣ್ಣಿ

ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ (೧೮೬೬–೧೯೩೪) ಅವರು ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿ ೧೮೯೫ರಿಂದ ೧೯೦೨ರವರೆಗೆ ಆಡಳಿತ ನಡೆಸಿದವರು. ಅವರ ಹೆಸರನ್ನು ಹೊತ್ತ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ತಾಯಂದಿರ ಮತ್ತು ಮಕ್ಕಳ ಚಿಕಿತ್ಸೆಗೆ ಹೆಸರಾಗಿದೆ.

ಜೀವನ

ಕಳಲೆ ಮನೆತನದಲ್ಲಿ ಜನಿಸಿದ ಇವರು ೧೮೭೮ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರನ್ನು ವಿವಾಹವಾದರು. ೧೮೯೪ರ ಡಿಸೆಂಬರ್‌ನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ನಿಧನರಾದಾಗ ಅವರಿಗೆ ೩೧ ವರ್ಷ. ಹಿರಿಯ ಮಗ ನಾಲ್ವಡಿ ಕೃಷ್ಣರಾಜರಿಗೆ ಇನ್ನೂ ಹತ್ತು ವರ್ಷವಾದ್ದರಿಂದ ಆಡಳಿತದ ಹೊಣೆ ರಾಣಿಯವರ ಮೇಲೆ ಬಿತ್ತು.

ಆಡಳಿತ

೧೮೯೮ರಲ್ಲಿ ಬೆಂಗಳೂರಿನಲ್ಲಿ ಪ್ಲೇಗ್ ಹರಡಿತು. ವಿಕ್ಟೋರಿಯಾ ಆಸ್ಪತ್ರೆಗೆ ೧೮೯೭ರಲ್ಲಿ ಶಂಕುಸ್ಥಾಪನೆಯಾಗಿ, ೧೯೦೦ರಲ್ಲಿ ಅದು ಆರಂಭವಾಯಿತು. ಮಾರಿಕಣಿವೆ ಅಣೆಕಟ್ಟಿನ ಕೆಲಸ ಮೊದಲಾದದ್ದೂ, ಶಿವನಸಮುದ್ರದ ಜಲವಿದ್ಯುತ್ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ್ದೂ ಇದೇ ಅವಧಿಯಲ್ಲಿ.

ಕುಟುಂಬದ ದುಃಖ ಮತ್ತು ಕ್ಷಯ ಆರೋಗ್ಯಧಾಮ

ಪತಿಯ ಅಗಲಿಕೆಯ ಬಳಿಕ ಅವರ ಮಗಳು ಕೃಷ್ಣಾಜಮ್ಮಣ್ಣಿ ಕ್ಷಯರೋಗಕ್ಕೆ ಬಲಿಯಾದರು. ಆಕೆಯ ಹೆಣ್ಣುಮಕ್ಕಳನ್ನೂ ಅದೇ ರೋಗ ಕೊಂಡೊಯ್ದಿತು. ಆ ಕಾಲದಲ್ಲಿ ಕ್ಷಯವನ್ನು ಗುಣಪಡಿಸುವ ಔಷಧವಿರಲಿಲ್ಲ. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು ೧೯೪೩ರಲ್ಲಿ. ಆದ್ದರಿಂದ ಅರಮನೆಯ ಮಗುವಿಗೂ ಗುಡಿಸಲಿನ ಮಗುವಿಗೂ ದೊರೆಯಬಹುದಾಗಿದ್ದದ್ದು ವಿಶ್ರಾಂತಿ, ಶುದ್ಧ ಗಾಳಿ, ಪೌಷ್ಟಿಕ ಆಹಾರ ಹಾಗೂ ಶುಶ್ರೂಷೆ ಮಾತ್ರ. ಮೈಸೂರಿನ ಕೃಷ್ಣರಾಜಸಾಗರ ರಸ್ತೆಯಲ್ಲಿರುವ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯ ಆರೋಗ್ಯಧಾಮವು ಆಕೆಯ ಸ್ಮರಣಾರ್ಥ ನಾಲ್ವಡಿಯವರ ಕಾಲದಲ್ಲಿ ಸ್ಥಾಪಿತವಾಯಿತು.

ಶ್ರೀರಂಗಪಟ್ಟಣ, ಫ್ರೆಂಚ್ ರಾಕ್ಸ್ (ಇಂದಿನ ಪಾಂಡವಪುರ), ಕೃಷ್ಣರಾಜಪೇಟೆ ಮತ್ತು ನಾಗಮಂಗಲಗಳು ೧೯೩೯ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದವು. ಈ ಪೈಕಿ ಮೊದಲ ಎರಡು ಊರುಗಳು ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿದ್ದವು.

ಇಂದು ಉಪಶಾಮಕ ಆರೈಕೆ ಎನ್ನುವುದು ಗಂಭೀರ ಕಾಯಿಲೆಯ ಮಗುವಿನ ನೋವು, ಉಸಿರಾಟದ ತೊಂದರೆ ಹಾಗೂ ಭಯವನ್ನು ತಗ್ಗಿಸುವುದರ ಜೊತೆಗೆ ಹೆತ್ತವರಿಗೂ ಆಸರೆ ನೀಡುವ ವೈದ್ಯಕೀಯ ಕ್ರಮ. ಚಿಕಿತ್ಸೆಯೊಂದಿಗೇ ಇದನ್ನು ಆರಂಭಿಸಬಹುದು. ಈ ಹೆಸರು ಬಳಕೆಗೆ ಬರುವ ಮೊದಲೇ, ಗುಣವಾಗದ ರೋಗಿಯನ್ನೂ ಕೈಬಿಡಬಾರದೆಂಬ ಅದರ ಮೂಲಭಾವಕ್ಕೆ ಇಂಥ ಆರೋಗ್ಯಧಾಮಗಳು ನೆಲೆಯಾಗಿದ್ದವು.

ನಿಧನ ಮತ್ತು ಸ್ಮರಣೆ

ಕೆಂಪನಂಜಮ್ಮಣ್ಣಿಯವರು ೧೯೩೪ರ ಜುಲೈನಲ್ಲಿ ನಿಧನರಾದರು. ಮರುವರ್ಷ ವಾಣಿವಿಲಾಸ ಆಸ್ಪತ್ರೆ ಆರಂಭವಾಯಿತು. ಮಾರಿಕಣಿವೆಯ ಜಲಾಶಯಕ್ಕೂ ವಾಣಿವಿಲಾಸ ಸಾಗರವೆಂಬ ಹೆಸರಿದೆ.