ನಂಜನ್ನು ಗೆದ್ದ ಲಿಸ್ಟರ್

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆಸ್ಪತ್ರೆಯೆಂದರೆ ಯೂರೋಪಿನ ಜನ ನಡುಗುತ್ತಿದ್ದರು. 1846ರಲ್ಲಿ ಈಥರಿನ ಬಳಕೆ ಪ್ರಸಿದ್ಧಿಗೆ ಬಂದು ಶಸ್ತ್ರಚಿಕಿತ್ಸೆಯ ನೋವು ನೀಗಿತ್ತು. ಸಾವಿನ ಭಯ ನೀಗಿರಲಿಲ್ಲ. ಚಿಕಿತ್ಸೆ ಸರಿಯಾಗಿ ನಡೆದರೂ ಗಾಯ ಕೀವುಗಟ್ಟಿ, ಮೈಗೆ ನಂಜೇರಿ ಅನೇಕ ರೋಗಿಗಳು ಅಸುನೀಗುತ್ತಿದ್ದರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ವೈದ್ಯರು ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದವನು ಜೋಸೆಫ್ ಲಿಸ್ಟರ್.

ಲಿಸ್ಟರನು 1827ನೆಯ ಏಪ್ರಿಲ್ 5ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ಜನಿಸಿದನು. ತಂದೆ ಸೂಕ್ಷ್ಮದರ್ಶಕದ ಮಸೂರಗಳನ್ನು ಸುಧಾರಿಸಿ ಹೆಸರಾದವನು. ಕಣ್ಣಿಗೆ ಕಾಣದುದನ್ನು ಅರಸುವ ಗುಣ ಮಗನಿಗೂ ಬಂದಿತು. ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನು ಕಲಿತ ಅವನು 1860ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಶಸ್ತ್ರವೈದ್ಯದ ಪ್ರಾಧ್ಯಾಪಕನಾದನು.

ಪದಾರ್ಥಗಳು ಕೊಳೆಯುವುದಕ್ಕೆ ಸೂಕ್ಷ್ಮಜೀವಿಗಳು ಕಾರಣವೆಂದು ಫ್ರಾನ್ಸಿನ ಲೂಯಿ ಪಾಶ್ಚರನು ತೋರಿಸಿದ್ದನು. ಗಾಯ ಕೊಳೆಯುವುದಕ್ಕೂ ಅವೇ ಕಾರಣವಾಗಿರಬೇಕೆಂದು ಲಿಸ್ಟರನು ತರ್ಕಿಸಿದನು. ಅವುಗಳನ್ನು ಕೊಲ್ಲುವ ವಸ್ತುವನ್ನು ಹುಡುಕುತ್ತಿದ್ದಾಗ, ಕಾರ್ಲೈಲ್ ಪಟ್ಟಣದ ಕೊಚ್ಚೆಯ ದುರ್ನಾತವನ್ನು ಕಾರ್ಬಾಲಿಕ್ ಆಮ್ಲವು ಅಡಗಿಸಿದ ಸುದ್ದಿ ತಿಳಿಯಿತು. ಇದರ ಮತ್ತೊಂದು ಹೆಸರು ಫೀನಾಲ್. 1834ರಲ್ಲಿ ಜರ್ಮನಿಯ ರುಂಗೆ ಇದನ್ನು ಕಲ್ಲಿದ್ದಲಿನ ಡಾಂಬರಿನಿಂದ ಬೇರ್ಪಡಿಸಿದ್ದನು. ಆರು ಇಂಗಾಲ ಮತ್ತು ಐದು ಜಲಜನಕ ಪರಮಾಣುಗಳಿರುವ ಫಿನೈಲ್ ಗುಂಪಿಗೆ ಹೈಡ್ರಾಕ್ಸಿಲ್ ಗುಂಪು ಸೇರಿದರೆ ಫೀನಾಲ್ ಆಗುತ್ತದೆ. ನೆಲ ತೊಳೆಯುವ ಕಪ್ಪು ಫಿನೈಲಿನಲ್ಲಿರುವುದೂ ಇದರ ಬಳಗದ ಸಂಯುಕ್ತಗಳೇ.

1865ರ ಆಗಸ್ಟ್ 12ರಂದು, ಗಾಡಿಯ ಚಕ್ರ ಹರಿದು ಕಾಲಿನ ಮೂಳೆ ಮುರಿದಿದ್ದ ಹನ್ನೊಂದು ವರ್ಷದ ಬಾಲಕನನ್ನು ಆಸ್ಪತ್ರೆಗೆ ತಂದರು. ಮೂಳೆ ಮುರಿದೆಡೆ ಚರ್ಮವೂ ಹರಿದಿತ್ತು. ಅಂತಹ ಕಾಲನ್ನು ಕತ್ತರಿಸುವುದೇ ಅಂದಿನ ರೂಢಿ. ಲಿಸ್ಟರನು ಫೀನಾಲಿನಲ್ಲಿ ಅದ್ದಿದ ಬಟ್ಟೆಯಿಂದ ಗಾಯವನ್ನು ಮುಚ್ಚಿ ಕಾದನು. ಕೀವು ಕಟ್ಟಲಿಲ್ಲ. ಆರು ವಾರಗಳಲ್ಲಿ ಮೂಳೆ ಕೂಡಿತು, ಕಾಲು ಉಳಿಯಿತು.

1867ರಲ್ಲಿ ಅವನು ತನ್ನ ವಿಧಾನವನ್ನು ಪ್ರಕಟಿಸಿದಾಗ ಹಲವರು ಹಾಸ್ಯಮಾಡಿದರು. ಅವನು ವಾದಕ್ಕಿಳಿಯದೆ ಲೆಕ್ಕವನ್ನು ಮುಂದಿಟ್ಟನು. ಮೊದಲು, ಅಂಗಚ್ಛೇದನಕ್ಕೊಳಗಾದ 35 ರೋಗಿಗಳಲ್ಲಿ 16 ಮಂದಿ ಸತ್ತಿದ್ದರು. ಹೊಸ ಕ್ರಮದ ಬಳಿಕ 40ರಲ್ಲಿ ಸತ್ತವರು 6 ಮಂದಿ ಮಾತ್ರ.

ಗಾಳಿಯಲ್ಲಿನ ಜೀವಿಗಳನ್ನು ಕೊಲ್ಲಲೆಂದು ಅವನು ಫೀನಾಲಿನ ತುಂತುರನ್ನೂ ಸಿಂಪಡಿಸುತ್ತಿದ್ದನು. ಅದು ಚರ್ಮವನ್ನು ಸುಡುತ್ತಿತ್ತು. ಅದು ಅನಗತ್ಯವೆಂದು ಮನಗಂಡೊಡನೆ, 1890ರ ವೇಳೆಗೆ ತಾನೇ ಅದನ್ನು ಕೈಬಿಟ್ಟನು. ಪರರ ತಪ್ಪನ್ನು ಒರೆಗೆ ಹಚ್ಚಿದಂತೆಯೇ ತನ್ನ ಕ್ರಮವನ್ನೂ ಒರೆಗೆ ಹಚ್ಚಿದ್ದು ಅವನ ಹಿರಿಮೆ.

1912ನೆಯ ಫೆಬ್ರವರಿ 10ರಂದು ಲಿಸ್ಟರನು ನಿಧನನಾದನು. ಗಾಯಕ್ಕೆ ಫೀನಾಲ್ ಹಚ್ಚುವ ಪದ್ಧತಿ ಇಂದು ಇಲ್ಲ. ಆದರೆ ಶಸ್ತ್ರವೈದ್ಯರು ಕೈ ತೊಳೆದು, ಶುದ್ಧಗೊಳಿಸಿದ ಉಪಕರಣಗಳನ್ನು ಹಿಡಿಯುವಾಗಲೆಲ್ಲ ಅವನು ತೋರಿದ ದಾರಿಯಲ್ಲಿಯೇ ನಡೆಯುತ್ತಾರೆ.