ವಾದ್ಯಗಳನ್ನು ಪರೀಕ್ಷಿಸಿದ ವಿಜ್ಞಾನಿ: ಸರ್ ಸಿ. ವಿ. ರಾಮನ್

ಮಕ್ಕಳೇ, ಸಂತೆಯಲ್ಲಿ ಮಡಕೆ ಕೊಳ್ಳುವವರನ್ನು ನೀವು ನೋಡಿರಬಹುದು. ಮಡಕೆಯನ್ನು ಕೈಗೆತ್ತಿಕೊಂಡು ಬೆರಳಿನಿಂದ ತಟ್ಟಿ ನೋಡುತ್ತಾರೆ. ಟಣ್ ಎಂದರೆ ಗಟ್ಟಿ ಮಡಕೆ. ಡಬ್ ಎಂದರೆ ಎಲ್ಲೋ ಬಿರುಕಿದೆ ಎಂದು ಅರ್ಥ. ಕಣ್ಣಿಗೆ ಕಾಣದ ದೋಷವನ್ನು ಕಿವಿ ಕಂಡುಹಿಡಿಯುತ್ತದೆ. ಹಳೆಯ ಪಿಟೀಲನ್ನೋ ವೀಣೆಯನ್ನೋ ಕೊಳ್ಳುವವರೂ ಹೀಗೆಯೇ ಒಂದೊಂದು ಸ್ವರವನ್ನೂ ನುಡಿಸಿ ಪರೀಕ್ಷಿಸುತ್ತಾರೆ. ವಾದ್ಯಗಳನ್ನು ಕಿವಿಯಿಂದ ಮಾತ್ರವಲ್ಲದೆ ಅಳತೆ, ಲೆಕ್ಕ ಮತ್ತು ಪ್ರಯೋಗಗಳಿಂದಲೂ ಪರೀಕ್ಷಿಸಿದ ಭಾರತದ ದೊಡ್ಡ ವಿಜ್ಞಾನಿ ಚಂದ್ರಶೇಖರ ವೆಂಕಟ ರಾಮನ್. ಬೆಳಕಿನ ಸಂಶೋಧನೆಗಾಗಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದುದು ನಿಮಗೆಲ್ಲ ಗೊತ್ತು. ಅದಕ್ಕೂ ಮೊದಲು ಅನೇಕ ವರ್ಷ ಅವರು ದುಡಿದದ್ದು ವಾದ್ಯಗಳ ಮೇಲೆ.

ಪಿಟೀಲಿನ ಮನೆ

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತವಿಜ್ಞಾನ ಬೋಧಿಸುತ್ತಿದ್ದರು. ಅವರಿಗೆ ಪಿಟೀಲು ನುಡಿಸುವುದೆಂದರೆ ಬಲು ಇಷ್ಟ. ಹೀಗಾಗಿ ಬಾಲಕ ರಾಮನ್ ಪುಸ್ತಕಗಳ ಜೊತೆಗೆ ತಂತಿಯ ನಾದವನ್ನೂ ಕೇಳುತ್ತ ಬೆಳೆದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಎಂ.ಎ. ಮುಗಿಸಿದರು. ಅದೇ ವರ್ಷ ಅವರು ಮದುವೆಯಾದ ಲೋಕಸುಂದರಿ ಅವರು ವೀಣೆ ನುಡಿಸುತ್ತಿದ್ದರು.

ಆಗ ನಮ್ಮ ದೇಶ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಭಾರತೀಯ ಯುವಕನೊಬ್ಬ ವಿಜ್ಞಾನವನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ತೇರ್ಗಡೆಯಾಗಿ, ಅಧಿಕಾರಿಯಾಗಿ ಕಲ್ಕತ್ತಾಕ್ಕೆ ಹೋದರು. ಅಲ್ಲಿನ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಸ್ಥೆಯೊಂದಿತ್ತು. ಅದರ ಪ್ರಯೋಗಾಲಯ ಹೆಚ್ಚಾಗಿ ಬಳಕೆಯಾಗದೆ ಉಳಿದಿತ್ತು. ರಾಮನ್ ಕಚೇರಿಗೆ ಹೋಗುವ ಮೊದಲು ಬೆಳಿಗ್ಗೆ, ಕಚೇರಿ ಮುಗಿದ ಮೇಲೆ ಸಂಜೆ ಅಲ್ಲಿ ಕೆಲಸ ಮಾಡತೊಡಗಿದರು. ಆಶುತೋಷ್ ಡೇ ಎಂಬ ಸಹಾಯಕರು ಅವರಿಗೆ ಜೊತೆಯಾದರು.

ಏಕತಾರಿಯಿಂದ ಆರಂಭ

ನಮ್ಮ ಹಳ್ಳಿಗಳಲ್ಲಿ ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ಇರುವುದನ್ನು ನೋಡಿದ್ದೀರಲ್ಲವೇ? ಒಂದೇ ತಂತಿಯ ಈ ಸರಳ ವಾದ್ಯದ ಮೇಲೆ ರಾಮನ್ 1909ರಲ್ಲಿಯೇ ಲೇಖನ ಬರೆದರು. ಮುಂದೆ ಪಿಟೀಲು, ತಂಬೂರಿ, ವೀಣೆ, ಮೃದಂಗ, ತಬಲಾಗಳು ಒಂದೊಂದಾಗಿ ಅವರ ಪ್ರಯೋಗಾಲಯಕ್ಕೆ ಬಂದವು.

ಪಿಟೀಲು ವಾದಕರು ಕಮಾನನ್ನು ಎಷ್ಟು ಒತ್ತುತ್ತಾರೆ, ಎಷ್ಟು ವೇಗವಾಗಿ ಎಳೆಯುತ್ತಾರೆ ಎಂಬುದು ಪ್ರತಿ ಸಲವೂ ಬದಲಾಗುತ್ತದೆ. ಹಾಗಿದ್ದರೆ ಅಳೆಯುವುದು ಹೇಗೆ? ರಾಮನ್ ಒಂದು ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಲ್ಲುತ್ತಿತ್ತು, ಪಿಟೀಲು ಹಿಂದೆ ಮುಂದೆ ಚಲಿಸುತ್ತಿತ್ತು! ಒತ್ತಡವನ್ನೂ ವೇಗವನ್ನೂ ಬೇಕಾದಂತೆ ಹೊಂದಿಸಬಹುದಾಗಿತ್ತು. ಒಂದೊಂದು ಸ್ವರ ಸರಿಯಾಗಿ ನುಡಿಯಲು ಕನಿಷ್ಠ ಎಷ್ಟು ಒತ್ತಡ ಬೇಕು ಎಂಬುದನ್ನು ಹೀಗೆ ಅಳೆದು, 1920ರಲ್ಲಿ ಪ್ರಕಟಿಸಿದರು.

ತೋಳದ ಸ್ವರ

ಪಿಟೀಲಿನ ಜಾತಿಗೆ ಸೇರಿದ ದೊಡ್ಡ ವಾದ್ಯ ಚೆಲ್ಲೊ. ಅದರಲ್ಲಿ ಯಾವುದೋ ಒಂದು ಸ್ವರ ನುಡಿಸಿದಾಗ ಮಾತ್ರ ನಾದ ನಡುಗಿ, ತೊದಲಿ, ಒರಟಾಗಿ ಗುರುಗುಟ್ಟುತ್ತದೆ. ಪಾಶ್ಚಾತ್ಯ ವಾದಕರು ಇದಕ್ಕೆ ತೋಳದ ಸ್ವರ ಎಂದು ಹೆಸರಿಟ್ಟಿದ್ದರು. ಇದಕ್ಕೆ ಕಾರಣವೇನು?

ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಕಂಪನ ಇರುತ್ತದೆ. ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಯಾಗಿ ತಳ್ಳಿದರೆ ಅದು ಬಹಳ ಮೇಲೆ ಹೋಗುತ್ತದೆ. ಇದನ್ನು ಅನುರಣನೆ ಎನ್ನುತ್ತೇವೆ. ತಂತಿಯ ಸ್ವರವು ವಾದ್ಯದ ಮರದ ಒಡಲಿನ ಸಹಜ ಕಂಪನಕ್ಕೆ ಹೊಂದಿಕೆಯಾದಾಗ ಒಡಲು ಜೋರಾಗಿ ಕಂಪಿಸುತ್ತದೆ. ಅದಕ್ಕೆ ಶಕ್ತಿ ಬರುವುದು ತಂತಿಯಿಂದಲೇ. ಕಮಾನು ಕೊಡುವುದಕ್ಕಿಂತ ಬೇಗ ಒಡಲು ಶಕ್ತಿಯನ್ನು ಹೀರಿಕೊಂಡರೆ ತಂತಿ ಸೋಲುತ್ತದೆ, ಸ್ವರ ಮೇಲಕ್ಕೆ ಜಿಗಿಯುತ್ತದೆ. ಆಗ ಒಡಲು ಶಾಂತವಾಗುತ್ತದೆ, ತಂತಿ ಚೇತರಿಸಿಕೊಳ್ಳುತ್ತದೆ. ಮತ್ತೆ ಅದೇ ಜಗ್ಗಾಟ ಶುರುವಾಗುತ್ತದೆ. ತಂತಿ ಮತ್ತು ಒಡಲಿನ ಈ ಜಗ್ಗಾಟವೇ ಗುರುಗುಟ್ಟುವಿಕೆಗೆ ಕಾರಣ ಎಂದು ರಾಮನ್ 1916ರಲ್ಲಿ ವಿವರಿಸಿದರು.

ಇದರ ನೆಂಟನೊಂದು ಇಂದಿನ ಬೇಸ್ ಗಿಟಾರಿನಲ್ಲೂ ಇದೆ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನಾಲ್ಕು ದಪ್ಪ ತಂತಿಗಳ, ಎದೆ ಗುಮ್ಮೆನ್ನಿಸುವ ಈ ವಿದ್ಯುತ್ ವಾದ್ಯವನ್ನು ನೋಡಿರಬಹುದು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಮಾದರಿಯಿಂದ ಇದು ಜನಪ್ರಿಯವಾಯಿತು. ಇದರ ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ತಂತಿಯ ಕೆಳಗಿರುವ ಅಯಸ್ಕಾಂತ ಮತ್ತು ತಂತಿಸುರುಳಿ ಆ ಕಂಪನವನ್ನು ವಿದ್ಯುತ್ತಾಗಿ ಬದಲಿಸುತ್ತವೆ. ಹಳೆಯ ಬೇಸ್ ಗಿಟಾರ್ ಕೊಂಡವರು ಪ್ರತಿ ತಂತಿಯನ್ನೂ ಪ್ರತಿ ಮೆಟ್ಟಿಲಲ್ಲೂ ನುಡಿಸಿ ನೋಡುತ್ತಾರೆ. ಕೆಲವೊಮ್ಮೆ ಒಂದು ಮೆಟ್ಟಿಲಿನಲ್ಲಿ ಮಾತ್ರ ಸ್ವರ ಬೇಗನೆ ಸತ್ತುಹೋಗುತ್ತದೆ. ಅಲ್ಲಿ ವಾದ್ಯದ ಕತ್ತು ತಂತಿಯ ಶಕ್ತಿಯನ್ನು ಕದಿಯುತ್ತಿರುತ್ತದೆ. ಆ ಕಳ್ಳನೂ ಅನುರಣನೆಯೇ!

ನಮ್ಮ ವಾದ್ಯಗಳ ಜಾಣತನ

1917ರಲ್ಲಿ ರಾಮನ್ ದೊಡ್ಡ ಸಂಬಳದ ಸರ್ಕಾರಿ ಹುದ್ದೆಯನ್ನು ಬಿಟ್ಟರು. ಕಡಿಮೆ ಸಂಬಳವಿದ್ದರೂ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿಕೊಂಡರು. ಇಡೀ ದಿನ ವಿಜ್ಞಾನಕ್ಕೆ ಸಿಕ್ಕಿತು.

ತಂತಿಯನ್ನು ನಟ್ಟನಡುವೆ ಮೀಟಿದರೆ, ನಡುವಿನಲ್ಲಿ ನಿಶ್ಚಲ ಬಿಂದುವಿರುವ ಮೇಲ್ಸ್ವರಗಳು ಹುಟ್ಟಬಾರದು. ಇದು ಆಗಿನ ಪುಸ್ತಕಗಳಲ್ಲಿದ್ದ ನಿಯಮ. ಆದರೆ ತಂಬೂರಿ ಮತ್ತು ವೀಣೆಯಲ್ಲಿ ಅಂತಹ ಮೇಲ್ಸ್ವರಗಳೂ ಸ್ಪಷ್ಟವಾಗಿ ಕೇಳಿಸಿದವು. ಏಕೆ? ಪಿಟೀಲಿನ ಕುದುರೆಯ ಅಂಚು ತೆಳುವಾಗಿರುತ್ತದೆ. ವೀಣೆ, ತಂಬೂರಿಗಳ ಕುದುರೆ ಅಗಲವಾಗಿ, ಸ್ವಲ್ಪ ಬಾಗಿರುತ್ತದೆ. ಕಂಪಿಸುವ ತಂತಿ ಅದರ ಮೈಯನ್ನು ಮುಟ್ಟುತ್ತ ಬಿಡುತ್ತ ಹೊಸ ಮೇಲ್ಸ್ವರಗಳನ್ನು ಹುಟ್ಟಿಸುತ್ತದೆ. ತಂಬೂರಿಯಲ್ಲಿ ತಂತಿಯ ಕೆಳಗೆ ಇಡುವ ನೂಲಿನ ಎಳೆಯೂ ಇದಕ್ಕೆ ನೆರವಾಗುತ್ತದೆ. ಆ ಝೇಂಕಾರದ ಗುಟ್ಟು ಇದೇ ಎಂದು ರಾಮನ್ 1921ರಲ್ಲಿ ತೋರಿಸಿದರು.

ಚರ್ಮವಾದ್ಯಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಸಾಮಾನ್ಯ ಚರ್ಮದ ಹೊದಿಕೆಯನ್ನು ಬಾರಿಸಿದಾಗ ಹೊಮ್ಮುವ ಮೇಲ್ಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕು ಪಟ್ಟು ಆಗಿರುವುದಿಲ್ಲ. ಆದ್ದರಿಂದ ತಾಳಕ್ಕೆ ಅದು ಸರಿಯಾದರೂ ಖಚಿತವಾದ ಶ್ರುತಿ ಸಿಗುವುದು ಕಷ್ಟ. ನಮ್ಮ ಮೃದಂಗ, ತಬಲಾಗಳಲ್ಲಿ ಹಾಗಲ್ಲ. ಚರ್ಮದ ನಡುವೆ ಮೆತ್ತಿದ ಕಪ್ಪು ಕರಣೆಯ ಭಾರದಿಂದ ಕಂಪನಗಳು ಹೊಂದಿಕೊಂಡು ಎರಡು, ಮೂರು, ನಾಲ್ಕು, ಐದು ಪಟ್ಟುಗಳ ಸಾಲಿಗೆ ಬರುತ್ತವೆ. ಶಿವಕಾಳಿ ಕುಮಾರ್ ಅವರೊಂದಿಗೆ ರಾಮನ್ ಇದನ್ನು 1920ರಲ್ಲಿ ಜಗತ್ತಿಗೆ ತಿಳಿಸಿದರು. ಶಾಲೆಯ ಮೆಟ್ಟಿಲು ಹತ್ತದಿದ್ದ ಎಷ್ಟೋ ಕುಶಲಕರ್ಮಿಗಳು ಕೈಯಿಂದ ಸಾಧಿಸಿದ್ದ ಜ್ಞಾನಕ್ಕೆ ವಿಜ್ಞಾನದ ಸಾಕ್ಷಿ ದೊರೆಯಿತು.

ಬೆಂಗಳೂರಿನಲ್ಲಿ

1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಪ್ರಕಟವಾಯಿತು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು, ಇದೇ ಊರಿನವರಾದರು. ಮರುವರ್ಷ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ನೊಬೆಲ್ ಬಂದ ಮೇಲೂ ಅವರು ಮೃದಂಗವನ್ನು ಮರೆಯಲಿಲ್ಲ. ಚರ್ಮದ ಮೇಲೆ ನುಣುಪು ಮರಳು ಉದುರಿಸಿ ನುಡಿಸಿದರೆ, ಕಂಪಿಸದ ಜಾಗಗಳಲ್ಲಿ ಮರಳು ಸಾಲುಗಟ್ಟುತ್ತದೆ. ಈ ಚಿತ್ತಾರಗಳನ್ನು ಅಧ್ಯಯನ ಮಾಡಿ 1934ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ವಿವರವಾಗಿ ಬರೆದರು.

1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಆರಂಭವಾಯಿತು. 1954ರಲ್ಲಿ ಅವರಿಗೆ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯಿಂದ ಹೆಬ್ಬಾಳದ ಮೂಲಕ ಬೆಂಗಳೂರಿಗೆ ಹೋಗುವಾಗ ಮೇಖ್ರಿ ವೃತ್ತ ಸಿಗುತ್ತದೆ. ಅದರ ಸಮೀಪದಲ್ಲಿಯೇ ಈ ಸಂಸ್ಥೆಯಿದೆ. ಅಲ್ಲಿನ ತೋಟದಲ್ಲೇ ಅವರ ಅಂತ್ಯಸಂಸ್ಕಾರ ನಡೆಯಿತು.

ಮಾಡಿ ನೋಡಿ

ಖಾಲಿ ಡಬ್ಬಿಯೊಂದರ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಕಟ್ಟಿ. ಬೆರಳಿನಿಂದ ಮೆಲ್ಲಗೆ ತಟ್ಟಿ ಸ್ವರ ಕೇಳಿ. ಈಗ ಕಲಸಿದ ಹಿಟ್ಟಿನ ಸಣ್ಣ ಉಂಡೆಯನ್ನು ನಡುವೆ ಅಂಟಿಸಿ ಮತ್ತೆ ತಟ್ಟಿ. ಸ್ವರ ತಗ್ಗಿತೇ? ಉಂಡೆಯನ್ನು ಚಿಕ್ಕದು, ದೊಡ್ಡದು ಮಾಡಿ ನೋಡಿ, ಕೇಳಿಸಿದ್ದನ್ನು ಬರೆದಿಡಿ. ನಿಮ್ಮೂರಿನ ತಮಟೆಯವರು ಬಾರಿಸುವ ಮೊದಲು ತಮಟೆಯನ್ನು ಬೆಂಕಿಗೆ ಏಕೆ ಹಿಡಿಯುತ್ತಾರೆ ಎಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಿ. ನಂತರ ಅದರ ಕಾರಣವನ್ನು ತರಗತಿಯಲ್ಲಿ ಚರ್ಚಿಸಿ.